ಆಗಸದ ಕನ್ನಡಿಗಳು

ಸಂಜೆ ಕಣಿವೆಯಲ್ಲಿ ಕತ್ತಲು ಕವಿದ ಮೇಲೂ ತಡಿಯಂಡಮೋಳಿನ ನೆತ್ತಿಯಲ್ಲಿ ಬಿಸಿಲು ನಿಂತಿರುವುದನ್ನು ನಾವು ಕಂಡಿದ್ದೇವೆ. ಎತ್ತರದಲ್ಲಿರುವವನಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ನೂರಾರು ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಪಾಡೂ ಇದೇ. ನೆಲಕ್ಕೆ ಇರುಳಾದರೂ ಅವು ಬಿಸಿಲು ತಾಗಿದ ಕನ್ನಡಿಯಂತೆ ಹೊಳೆಯುತ್ತವೆ.

ದೂರದರ್ಶಕವನ್ನು ಆಕಾಶಕ್ಕೇ ಏರಿಸಿದರೆ ಈ ಕಾಟ ತಪ್ಪೀತೆಂದು ಭಾವಿಸುವುದು ಸಹಜ. ಆದರೆ ಅದು ಸರಿಯಲ್ಲ. ಹಬಲ್ ದೂರದರ್ಶಕವಿರುವುದು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ. ಅದಕ್ಕೂ ಮೇಲೆ ಸಾವಿರಾರು ಉಪಗ್ರಹಗಳು ಸಂಚರಿಸುತ್ತವೆ. 2002ರಿಂದ 2021ರವರೆಗೆ ಅದು ತೆಗೆದ ಚಿತ್ರಗಳಲ್ಲಿ ನೂರಕ್ಕೆ 2.7ರಷ್ಟರ ಮೇಲೆ ಉಪಗ್ರಹಗಳ ಬೆಳಕಿನ ಗೆರೆ ಬಿದ್ದಿತ್ತು.

ಇದು ಪರದೇಶದ ಮಾತಷ್ಟೇ ಅಲ್ಲ. 2015ರಲ್ಲಿ ಆಸ್ಟ್ರೋಸ್ಯಾಟ್ ಎಂಬ ಖಗೋಳ ವೀಕ್ಷಣಾಲಯವನ್ನು ಹಾರಿಸಿದ ನಮ್ಮ ಇಸ್ರೋ ಸಂಸ್ಥೆಯೇ 2025ರ ಡಿಸೆಂಬರ್ 24ರಂದು ಅಮೆರಿಕದ ಬ್ಲೂಬರ್ಡ್ ಉಪಗ್ರಹವನ್ನೂ ಶ್ರೀಹರಿಕೋಟೆಯಿಂದ ಮೇಲೇರಿಸಿತು. ಬಿಡಿಸಿದಾಗ ಅದರ ಆಂಟೆನಾದ ಹರವು 223 ಚದರ ಮೀಟರ್. ಸಾಮಾನ್ಯ ಮೊಬೈಲಿಗೆ ಆಕಾಶದಿಂದಲೇ ಸಂಪರ್ಕ ಒದಗಿಸುವುದು ಅದರ ಉದ್ದೇಶ.

2020ರಲ್ಲಿ ಪಾಠ ಕೇಳಲು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ ಕೊಡಗಿನ ವಿದ್ಯಾರ್ಥಿಗಳು ಇದನ್ನು ಬೇಡವೆಂದಾರೆಯೆ? ನಾನೂ ಬೇಡವೆನ್ನಲಾರೆ. ಆದರೆ ಮಿತ್ರರೇ, ಹಾರಿಸಿಕೊಡುವವರಿಗೆ ಕರಾರು ಹಾಕುವ ಹಕ್ಕೂ ಉಂಟು. ಉಪಗ್ರಹದ ಹೊಳಪು ಮಿತಿ ಮೀರಬಾರದು. ಅದರ ಹಾದಿಯನ್ನು ಖಗೋಳ ವಿಜ್ಞಾನಿಗಳಿಗೆ ಮುಂಚಿತವಾಗಿ ತಿಳಿಸಬೇಕು. ಈ ಎರಡು ಮಾತುಗಳನ್ನು ನಮ್ಮ ದೇಶ ಪ್ರತಿಯೊಬ್ಬ ಗಿರಾಕಿಯಿಂದಲೂ ಬರೆಸಿಕೊಳ್ಳಲಿ. ಇರುಳ ದಾರಿಗೆ ದೀಪ ಬೇಕು, ನಿಜ. ಅದನ್ನು ಎದುರು ಬರುವವನ ಕಣ್ಣಿಗೆ ಹಿಡಿಯಬಾರದು.