ಊರಿಗೆ ಬಂದವರು, ನೀರಿಗೆ ಬಂದವರು

ಅಮೆರಿಕದ ಪಶ್ಚಿಮ ಭಾಗದಲ್ಲಿರುವ ಐಡಾಹೊ ಸಂಸ್ಥಾನದ ರಾಜಧಾನಿಯನ್ನು ಹೊರಗಿನಿಂದ ಬಂದವರು ‘ಬಾಯ್ಜಿ’ ಎನ್ನುತ್ತಾರೆ. ಅಲ್ಲಿಯೇ ಹುಟ್ಟಿ ಬೆಳೆದವರು ‘ಬಾಯ್ಸಿ’ ಎನ್ನುತ್ತಾರೆ. ಇರುವುದು ಒಂದೇ ಅಕ್ಷರದ ಅಂತರ. ಆದರೆ ಎದುರಿಗಿರುವವನು ನಿನ್ನೆ ಮೊನ್ನೆ ಗಂಟುಮೂಟೆ ಬಿಚ್ಚಿದವನೆಂದು ತಿಳಿಯಲು ಊರವರಿಗೆ ಅಷ್ಟೇ ಸಾಕು. ಇದರಲ್ಲೊಂದು ತಮಾಷೆಯುಂಟು. ಆ ಹೆಸರು ಇಬ್ಬರದೂ ಅಲ್ಲ! ಅದರ ಮೂಲ ಫ್ರೆಂಚ್. ಅರ್ಥ, ‘ಮರಗಳಿಂದ ತುಂಬಿದ್ದು’. ಬೂದುಬಣ್ಣದ ಕುರುಚಲು ಗಿಡಗಳ ಬಯಲನ್ನು ದಾಟಿ ಬಂದ ಪಯಣಿಗರ ಕಣ್ಣಿಗೆ ಹೊಳೆಯ ಇಕ್ಕೆಲದ ಹಸಿರು ಮರಗಳು ಹೇಗೆ ಕಂಡಿರಬೇಕೆಂಬುದನ್ನು ಆ ಹೆಸರೇ ಹೇಳುತ್ತದೆ.

2020ರ ಜನಗಣತಿಯಂತೆ ಈ ನಗರದ ಜನಸಂಖ್ಯೆ 2,35,684. ತೀರ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ನಡುವೆ ಹೊಳೆ, ಹೊಳೆಯ ದಡದಲ್ಲಿ ಸುಮಾರು 25 ಮೈಲಿ ಉದ್ದಕ್ಕೂ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ದಾರಿ, ಬೀದಿಯ ತುದಿಯಲ್ಲಿ ಬೆಟ್ಟ. ನೆಲದೊಳಗಿಂದ ಉಕ್ಕುವ ಬಿಸಿನೀರನ್ನು ಕೊಳವೆಗಳಲ್ಲಿ ಹರಿಸಿ ಮನೆಗಳನ್ನು ಬೆಚ್ಚಗಿಡುವ ಏರ್ಪಾಡು 1892ರಷ್ಟು ಹಿಂದೆಯೇ ಇಲ್ಲಿ ಮೊದಲಾಯಿತು. ಜೂನ್ ತಿಂಗಳ ಕೊನೆಯಲ್ಲಿ ರಾತ್ರಿ ಒಂಬತ್ತು ಗಂಟೆ ಕಳೆದರೂ ಸೂರ್ಯ ಮುಳುಗುವುದಿಲ್ಲ. ಮಕ್ಕಳನ್ನು ಮಲಗಿಸಬೇಕಾದ ತಾಯಂದಿರಿಗೆ ಅದೊಂದು ಹೊಸ ಸಂಕಟ.

ಬರಲು ಆಸೆಪಡುವವರು ಇನ್ನೊಂದು ಮುಖವನ್ನೂ ನೋಡಿಕೊಳ್ಳಬೇಕು. ಬೇಸಗೆಯ ಬಿಸಿಲು ಬಲು ಕಠಿಣ. ಆಗಸ್ಟಿನ ಹೊತ್ತಿಗೆ ಕಾಳ್ಗಿಚ್ಚಿನ ಹೊಗೆ ಕಣಿವೆಗೆ ಇಳಿದು, ಕಿಟಕಿ ಮುಚ್ಚಿ ಕುಳಿತಿರಬೇಕಾದ ದಿನಗಳೂ ಬರುತ್ತವೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಸಿಕ್ಕಿಬಿದ್ದು, ದಿನಗಟ್ಟಲೆ ಮಂಕು ಕವಿದಿರುತ್ತದೆ. ಬಸ್ಸುಗಳು ವಿರಳವಾದ್ದರಿಂದ ಕಾರಿಲ್ಲದೆ ಸಂಸಾರ ಸಾಗುವುದು ಕಷ್ಟ.

ಇಷ್ಟಿದ್ದರೂ ಜನ ಬಂದರು. 2020ರ ಮಹಾಮಾರಿಯ ಕಾಲದಲ್ಲಿ, ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡಬಹುದೆಂದಾದಾಗ, ಕರಾವಳಿಯ ದುಬಾರಿ ನಗರಗಳವರ ಕಣ್ಣು ಬಾಯ್ಸಿಯ ಮೇಲೆ ಬಿತ್ತು. ಅಲ್ಲಿ ಮನೆ ಮಾರಿದವರಿಗೆ ಇಲ್ಲಿಯ ಬೆಲೆ ಅಗ್ಗವಾಗಿ ಕಂಡಿತು. ಅವರಿಗೆ ಅಗ್ಗವಾದದ್ದು ಇಲ್ಲಿಯವರಿಗೆ ಆಕಾಶಕ್ಕೇರಿತು. ಅದೇ ಊರಿನ ಶಾಲೆಯಲ್ಲಿ ಓದಿ ಅದೇ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯಿನಿಗೆ ಆ ಊರಿನಲ್ಲೊಂದು ಮನೆ ಕೊಳ್ಳುವುದು ಕನಸಾಯಿತು. ಕ್ಯಾಲಿಫೋರ್ನಿಯದ ನಂಬರು ಹೊತ್ತ ಕಾರುಗಳ ಕಡೆಗೆ ಓರೆನೋಟಗಳು ಹರಿದವು. ‘ಇನ್ನು ಸಾಕು, ಬಾಗಿಲು ಮುಚ್ಚಿ’ ಎಂಬ ಮಾತು ಹುಟ್ಟಿತು.

ಈ ಸಿಟ್ಟು ಸುಳ್ಳಲ್ಲ. ಮನೆಬಾಡಿಗೆ ಕಟ್ಟಲಾರದವನ ಸಿಟ್ಟಿಗೆ ತಳಹದಿಯಿದೆ. ಆದರೆ ಬಾಗಿಲು ಮುಚ್ಚುವವರು ಯಾರು, ಯಾವಾಗ ಒಳಗೆ ಬಂದವರು ಎಂಬ ಪ್ರಶ್ನೆಯನ್ನು ಆ ಊರಿನ ಚರಿತ್ರೆ ಕೇಳದೆ ಬಿಡುವುದಿಲ್ಲ.

1862ರಲ್ಲಿ ಸಮೀಪದ ಬೆಟ್ಟಗಳಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸೈನ್ಯದ ಕೋಟೆಯೂ ಅದರ ಮಗ್ಗುಲಲ್ಲಿ ಊರೂ ಎದ್ದವು. ತಲೆತಲಾಂತರದಿಂದ ಆ ಕಣಿವೆಯಲ್ಲಿ ಬಾಳಿದ ಶೋಶೋನಿ ಮತ್ತು ಬ್ಯಾನಕ್ ಜನರನ್ನು 1869ರಲ್ಲಿ ಬಲವಂತದಿಂದ ದೂರದ ಫೋರ್ಟ್ ಹಾಲ್ ಪ್ರದೇಶಕ್ಕೆ ಸಾಗಿಸಲಾಯಿತು. ಅವರ ವಂಶಜರು ಈಗಲೂ ವರ್ಷಕ್ಕೊಮ್ಮೆ ಬಂದು ಹಿರಿಯರ ನೆಲದಲ್ಲಿ ಕೂಡುತ್ತಾರೆ. ಹೊಸಬರ ಮೇಲೆ ದೂರು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ಅವರಿಗೆ.

‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂದು ನಮ್ಮ ಗಾದೆ ಕೇಳುತ್ತದೆ. ಬಾಯ್ಸಿಯ ಕತೆಯನ್ನು ಈ ಒಂದು ಗಾದೆಯಲ್ಲೇ ಹೇಳಿಬಿಡಬಹುದು. ವರ್ಷಕ್ಕೆ ಬೀಳುವ ಮಳೆ ಹಿಮಗಳೆರಡೂ ಸೇರಿ ಹನ್ನೆರಡು ಅಂಗುಲ ಮುಟ್ಟುವುದೇ ಹೆಚ್ಚು. ಈ ಬಯಲಿಗೆ ಕಾಲುವೆ ತರುವ ಕನಸನ್ನು 1880ರ ದಶಕದಲ್ಲಿ ಕಂಡವನು ಆರ್ಥರ್ ಫೂಟ್ ಎಂಬ ಇಂಜಿನಿಯರು. ಅವನ ಹೆಂಡತಿ ಮೇರಿ ಹ್ಯಾಲಕ್ ಫೂಟ್ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿದವಳು, ಹೆಸರಾಂತ ಚಿತ್ರಗಾರ್ತಿ, ಕಾದಂಬರಿಕಾರ್ತಿ. ಮಕ್ಕಳೊಂದಿಗೆ ಹೊಳೆಯ ಕಮರಿಯಲ್ಲಿ ಮನೆ ಹೂಡಿ, ಬರೆದು ಚಿತ್ರಿಸಿ ಸಂಪಾದಿಸಿ ಸಂಸಾರವನ್ನು ಎತ್ತಿಹಿಡಿದಳು. ಬಂಡವಾಳ ಹಾಕಿದವರು ಕೈಬಿಟ್ಟರು, ಕೆಲಸ ನಿಂತಿತು, ಸೋತ ದಂಪತಿಗಳು ಊರು ಬಿಟ್ಟರು. ಆ ಕಾಲುವೆ ಪೂರ್ಣರೂಪ ಪಡೆದದ್ದು 1909ರಲ್ಲಿ, ಸರ್ಕಾರದ ಹಣದಿಂದ. 1915ರಲ್ಲಿ ಮುಗಿದ ಆರೋರಾಕ್ ಅಣೆಕಟ್ಟು 348 ಅಡಿ ಎತ್ತರವಿದ್ದು, ಅಂದಿಗೆ ಲೋಕದಲ್ಲೇ ಎಲ್ಲಕ್ಕಿಂತ ಎತ್ತರವಾದದ್ದೆನಿಸಿತು. ಇಂದಿಗೂ ಅನೇಕ ಮನೆಗಳ ಹಿತ್ತಿಲಿಗೆ ಬೇಸಗೆಯಲ್ಲಿ ಹರಿಯುವುದು ಕಾಲುವೆಯ ನೀರೇ. ತನ್ನದೆಂದು ಹುಲ್ಲುಹಾಸಿಗೆ ನೀರು ಹಾಯಿಸುವ ಪ್ರತಿಯೊಬ್ಬನೂ, ತಾನು ಕಾಣದ ಯಾರೋ ಕಂಡ ಕನಸಿನ ಫಲವನ್ನು ಉಣ್ಣುತ್ತಿದ್ದಾನೆ.

ಈ ಋಣವನ್ನು ಬಲ್ಲವರಂತೆ ಬಾಳಿದವರೆಂದರೆ ಬಾಸ್ಕ್ ಜನ. ಸ್ಪೇನ್ ಫ್ರಾನ್ಸ್‌ಗಳ ಗಡಿಯ ಬೆಟ್ಟ ಕರಾವಳಿಗಳಿಂದ, ಯೂರೋಪಿನ ಬೇರಾವ ನುಡಿಗೂ ನಂಟಿಲ್ಲದ ನುಡಿಯನ್ನಾಡುತ್ತ, ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಅವರ ತರುಣರು ಇಲ್ಲಿಗೆ ಬಂದರು. ಸಿಕ್ಕಿದ್ದು ಕುರಿ ಕಾಯುವ ಕೆಲಸ. ಊರಿನಲ್ಲಿ ಕುರಿಯನ್ನೇ ಕಾಯದವರು ಅವರಲ್ಲಿ ಎಷ್ಟೋ ಮಂದಿ! ಸಾವಿರಾರು ಕುರಿ, ಒಂದು ನಾಯಿ, ತಿಂಗಳುಗಟ್ಟಲೆ ಬೆಟ್ಟದ ಮೌನ. ಮಾತಿಗೆ ಜನವಿಲ್ಲದೆ ಆ್ಯಸ್ಪೆನ್ ಮರಗಳ ಬಿಳಿಯ ತೊಗಟೆಯ ಮೇಲೆ ತಮ್ಮ ಹೆಸರನ್ನೂ ಹುಟ್ಟೂರಿನ ಹೆಸರನ್ನೂ ಕೊರೆದರು.

ಅವರನ್ನು ಉಳಿಸಿದ್ದು ಬೋರ್ಡಿಂಗ್ ಮನೆಗಳು. ಅವರಿಗಿಂತ ಕೊಂಚ ಮುಂಚೆ ಬಂದ ಬಾಸ್ಕ್ ದಂಪತಿಗಳೇ ಅವನ್ನು ನಡೆಸಿದರು. ಬೆಟ್ಟದಿಂದಿಳಿದವನಿಗೆ ಅಲ್ಲಿ ಬಿಸಿ ಊಟವಿತ್ತು, ತನ್ನ ನುಡಿಯಿತ್ತು. ಕಾಯಿಲೆ ಬಿದ್ದರೆ ನೋಡುವವರಿದ್ದರು; ಇಂಗ್ಲಿಷು ಬಾರದವನ ಪರವಾಗಿ ಮಾತನಾಡುವವರಿದ್ದರು. ಅಂಥದೊಂದು ಮನೆ ಇಂದಿಗೂ ನಿಂತಿದೆ. 1864ರಲ್ಲಿ ಕಟ್ಟಿದ ಆ ಇಟ್ಟಿಗೆಯ ಮನೆ 1910ರಿಂದ ಬಾಸ್ಕ್ ಕುರಿಗಾಹಿಗಳ ತಂಗುದಾಣವಾಗಿತ್ತು. ಈಗ ಅವರ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹೊಸಬ ಹಳಬನಾದದ್ದು ಮನೆ ಕೊಂಡಾಗ ಅಲ್ಲ, ತನ್ನ ಹಿಂದೆ ಬಂದವನಿಗೆ ತಟ್ಟೆ ಇಟ್ಟಾಗ ಎಂಬುದನ್ನು ಆ ಊಟದ ಮೇಜು ಕಲಿಸುತ್ತದೆ.

ಇಂದಿನ ಕುರಿಗಾಹಿಗಳು ಬೇರೆ ಬಗೆಯವರು. 1978ರಲ್ಲಿ ಈ ಊರಿನಲ್ಲೇ, ದಂತವೈದ್ಯರ ಕಟ್ಟಡದ ನೆಲಮಾಳಿಗೆಯಲ್ಲಿ ಹುಟ್ಟಿದ ಮೈಕ್ರಾನ್ ಸಂಸ್ಥೆ ಆಲೂಗಡ್ಡೆಯ ವ್ಯಾಪಾರದಲ್ಲಿ ಕೋಟ್ಯಧಿಪತಿಯಾದ ಸಿಂಪ್ಲಾಟ್ ಅವರ ಹಣದಿಂದ ಬೆಳೆಯಿತು. ಕಂಪ್ಯೂಟರಿನ ಸ್ಮರಣೆಯ ಚಿಪ್ಪುಗಳನ್ನು ಮಾಡುವ ಆ ಕೆಲಸ ಭಾರತದ ಇಂಜಿನಿಯರುಗಳನ್ನೂ ಕರೆತಂದಿದೆ. ಅವರಿಗೆ ಬೆಟ್ಟದ ಒಂಟಿತನವಿಲ್ಲ ನಿಜ. ಆದರೆ ಗಂಡ ಕಾರಿನಲ್ಲಿ ಕಾರ್ಖಾನೆಗೆ ಹೋದ ಮೇಲೆ, ಹಿಮ ಕವಿದ ಬೀದಿಯನ್ನು ಕಿಟಕಿಯಿಂದ ನೋಡುತ್ತ ಕುಳಿತ ಹೊಸ ಸೊಸೆಗೆ ಪಕ್ಕದ ಮನೆಯವಳೊಬ್ಬಳು ಬಂದು ಬಾಗಿಲು ತಟ್ಟುವುದು ಇಂದಿಗೂ ಬೋರ್ಡಿಂಗ್ ಮನೆಯ ಊಟದಷ್ಟೇ ದೊಡ್ಡದು.

ಬೆಲೆ ಏರಿದ್ದಕ್ಕೆ ಬಾಗಿಲು ಮುಚ್ಚುವುದು ಒಂದು ಉತ್ತರ. ಮನೆ ಹೆಚ್ಚಿಸುವುದು ಇನ್ನೊಂದು. 2023ರಲ್ಲಿ ನಗರಸಭೆ, ದೀರ್ಘವಾದ ವಾದವಿವಾದದ ಅನಂತರ, ಹಳೆಯ ಕಟ್ಟಡ ನಿಯಮಗಳನ್ನು ಬದಲಿಸಿತು. ಒಂದೇ ಮನೆಗೆ ಮೀಸಲಾಗಿದ್ದ ನಿವೇಶನಗಳಲ್ಲಿ ಹೆಚ್ಚು ಮನೆಗಳನ್ನು ಕಟ್ಟಲು ಎಡೆಗೊಟ್ಟಿತು. ಬೀದಿಯ ಅಂದ ಕೆಡುತ್ತದೆಂದು ಹೆದರಿದವರುಂಟು. ಅವರ ಭಯವೆಲ್ಲ ಹುಸಿಯೆಂದು ಹೇಳಲಾಗದು. ಆದರೆ ಆ ಬೀದಿಯೂ ಒಂದು ಕಾಲದಲ್ಲಿ ಯಾರದೋ ಬೇಟೆಯ ಬಯಲಾಗಿತ್ತು.

ಊರಿಗೆ ಬಂದವರೆಲ್ಲ ನೀರಿಗೆ ಬರುತ್ತಾರೆ. ಮುಂಚೆ ಬಂದವರು ಕೊಡ ತುಂಬಿಸಿಕೊಂಡು ದಾರಿಗೆ ಅಡ್ಡ ನಿಲ್ಲುವರೋ, ಪಕ್ಕಕ್ಕೆ ಸರಿದು ಹಿಂದಿನವಳ ತಲೆಗೆ ಕೊಡ ಎತ್ತಿಕೊಡುವರೋ, ಊರಿನ ಯೋಗ್ಯತೆ ತಿಳಿಯುವುದು ಅಲ್ಲಿಯೇ. ಹೆಸರನ್ನು ‘ಬಾಯ್ಜಿ’ ಎಂದರೇನು, ‘ಬಾಯ್ಸಿ’ ಎಂದರೇನು!