ಉಡುಗೊರೆಯ ಮೇಲಣ ಹೆಸರು

ಉಡುಗೊರೆಯ ಮೇಲೆ ಯಾರ ಹೆಸರಿರಬೇಕು? ಕೊಟ್ಟವರದೋ, ಪಡೆದವರದೋ? ಪ್ರಶ್ನೆ ಅಲ್ಪವೆಂದು ವಾಚಕರಿಗೆ ತೋರಬಹುದು. ನನಗಾದರೋ ಅದು ಮನೆಯೊಳಗಿನ ಪ್ರಶ್ನೆ.

ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಮದುವೆಗೆ ಪಾತ್ರೆಯನ್ನು ಮುಯ್ಯಿ ಮಾಡುವವರು ಅದರ ಮೇಲೆ ತಮ್ಮ ಹೆಸರು ಹಾಕಿಸುವುದು ಬಹುಕಾಲದ ರೂಢಿ. ಹಿಂದೆ ಹಿತ್ತಾಳೆಯ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತಿದ್ದರು. ಸ್ಟೀಲು ಬಂದ ಮೇಲೆ ಅಂಗಡಿಯವರು ಕರೆಂಟಿನ ಯಂತ್ರದಿಂದ ಕ್ಷಣಾರ್ಧದಲ್ಲಿ ಬರೆದುಕೊಡತೊಡಗಿದರು. ಮುಯ್ಯಿ ಎಂದಮೇಲೆ ಅದಕ್ಕೊಂದು ಲೆಕ್ಕದ ಪುಸ್ತಕವುಂಟು. ಕೊಟ್ಟವರ ಮನೆಯ ಮದುವೆಯಲ್ಲಿ ಅದು ಹಿಂದಿರುಗಬೇಕು. ಹೀಗೆ ಪಾತ್ರೆಯ ಮೇಲಣ ಹೆಸರು ಪ್ರೀತಿಗೂ ಸಾಕ್ಷಿ, ಸಾಲಕ್ಕೂ ಸಾಕ್ಷಿ.

ಈಗಿನ ಉಡುಗೊರೆಯ ಬಗೆ ಬೇರೆ. ಪಿಂಗಾಣಿಯ ಮಗ್ಗು, ಮೇಲೆ ಪಡೆಯುವವರ ಹೆಸರು, ಭಾವಚಿತ್ರ. ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ಲೇಪನವುಳ್ಳ ಮಗ್ಗಿಗೆ ಸುತ್ತಿ, ಸುಮಾರು 180ರಿಂದ 200 ಡಿಗ್ರಿ ಶಾಖದಲ್ಲಿ ಕೆಲವು ನಿಮಿಷ ಒತ್ತಿದರೆ ಬಣ್ಣ ಲೇಪನದೊಳಕ್ಕೆ ಇಳಿಯುತ್ತದೆ. ಅಂದವಾಗಿಯೇ ಇರುತ್ತದೆ. ಆದರೆ ಪಡೆದವರ ಮುಖವೇನೋ ಅಲ್ಲಿದೆ, ಕೊಟ್ಟವರೆಲ್ಲಿ? ಹಣ ತೆತ್ತರೆಂಬುದರ ಹೊರತು ಅವರ ಗುರುತೊಂದೂ ಕಾಣದು.

ಹೋದ ವರ್ಷ ಹನೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜು ಬಿಡುವಾಗ ತಾನೇ ಚಿತ್ರಿಸಿದ ಮಗ್ಗೊಂದನ್ನು ನನಗಿತ್ತಳು. ಪಿಂಗಾಣಿಗೆಂದೇ ಮಾಡಿದ ಬಣ್ಣದಿಂದ ನವಿಲು ಬರೆದು, ಒಂದು ದಿನ ಒಣಗಿಸಿ, ನೆಂಟರ ಮನೆಯ ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಅರ್ಧ ಗಂಟೆಗೂ ಮಿಕ್ಕು ಕಾಯಿಸಿದಳಂತೆ. ತುಟಿ ತಾಗುವ ಅಂಚನ್ನು ಮಾತ್ರ ಬಣ್ಣ ಸೋಕಿಸದೆ ಬಿಳಿಯಾಗಿಯೇ ಬಿಟ್ಟಿದ್ದಳು. ನನ್ನ ಹೆಸರಿನ ಕೊನೆಯ ಒತ್ತಕ್ಷರ ಎಡೆ ಸಾಲದೆ ನವಿಲಿನ ಕಾಲಿನಡಿ ಮುದುಡಿಕೊಂಡಿತ್ತು. “ಮೂರು ಸಲ ಅಳಿಸಿ ಬರೆದೆ, ಸರ್” ಎಂದು ಆಕೆ ಸಂಕೋಚಪಟ್ಟಳು. ಇದನ್ನು ಯಾವ ಮುಯ್ಯಿ ಪುಸ್ತಕದಲ್ಲಿ ಬರೆದಿಡಲಿ, ಹೇಗೆ ಹಿಂದಿರುಗಿಸಲಿ?

ನೆರೆಯ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು. ‘ಹದಿಬದೆಯ ಧರ್ಮ’ವನ್ನು ಬರೆದ ಮೇಲೂ ನಾಡು ಆಕೆಯನ್ನು ಸಂಚಿಯ ಹೊನ್ನಮ್ಮನೆಂದೇ ಕರೆಯಿತು. ನಾವು ವಸ್ತುವಿನ ಮೇಲೆ ಹೆಸರು ಬರೆಸುತ್ತೇವೆ. ಅಲ್ಲಿ ಕೈಯಲ್ಲಿ ಹಿಡಿದ ವಸ್ತುವೇ ಹೆಸರಿಗೆ ಅಂಟಿತು. ಕೈ ಸವೆಸಿದ ವಸ್ತು ಮಾತ್ರವೇ ಮನುಷ್ಯನ ಗುರುತಾಗಬಲ್ಲುದೆಂದು ನನ್ನ ನಂಬಿಕೆ.

ನಮ್ಮ ತಾಯಿಯ ಮದುವೆಗೆ ಸೋದರಮಾವನವರು ಕೊಟ್ಟ ಹಿತ್ತಾಳೆಯ ಚೊಂಬೊಂದು ಮನೆಯಲ್ಲಿದೆ. ಮುಂದೆ ಜಮೀನಿನ ವಿಷಯವಾಗಿ ಎರಡು ಮನೆಗಳಿಗೂ ಮಾತು ತಪ್ಪಿತು. ಅವರು ತೀರಿಕೊಂಡಾಗಲೂ ನಾವು ಹೋಗಲಿಲ್ಲ. ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕಿ ಸ್ಟೀಲು ತಂದ ದಿನ ತಾಯಿ ಅದೊಂದನ್ನು ತೆಗೆದಿಟ್ಟುಕೊಂಡರು. “ಹೆಸ್ರು ಹಾಕೋ ತನ್ಕ ನಮ್ಮಣ್ಣ ಅಂಗ್ಡಿ ಮುಂದೆ ಬಿಸ್ಲಲ್ಲಿ ನಿಂತಿದ್ದ ಕಣಪ್ಪ” ಎಂದಷ್ಟೇ ಹೇಳಿದರು. ಅವರು ಹುಣಿಸೆಹಣ್ಣು ಹಾಕಿ ಬೆಳಗಿ ಬೆಳಗಿ ಈಗ ಆ ಚುಕ್ಕೆಗಳು ಅರ್ಧ ಸವೆದಿವೆ.

ಆದುದರಿಂದ ಹೆಸರು ಯಾರದೆಂಬುದು ಮುಖ್ಯವಲ್ಲ. ಅದಕ್ಕಾಗಿ ಯಾರು ಎಷ್ಟು ಹೊತ್ತು ನಿಂತರೆಂಬುದು ಮುಖ್ಯ. ಬರುವ ವೈಶಾಖದಲ್ಲಿ ಆ ಮಾವನವರ ಮೊಮ್ಮಗಳ ಮದುವೆ. ಎಷ್ಟೋ ವರ್ಷಗಳ ಮೇಲೆ ಲಗ್ನಪತ್ರಿಕೆ ಬಂದಿದೆ. ಬಿಳಿಯ ಮಗ್ಗು ಎರಡು, ಒಂದಿಷ್ಟು ಬಣ್ಣ ತಂದಿಟ್ಟಿದ್ದೇನೆ. ನನ್ನ ಕೈಬರಹ ಅಷ್ಟು ಚೆನ್ನಾಗಿಲ್ಲ. ಮೂರು ಸಲವಾದರೂ ಅಳಿಸಬೇಕಾದೀತು.