ಬೆಟ್ಟದ ಮೇಳವೂ ಸಂಪ್ರದಾಯದ ವಯಸ್ಸೂ

ಬ್ಲೂಗ್ರಾಸ್ ಎಂಬ ಅಮೆರಿಕದ ಗುಡ್ಡಗಾಡಿನ ಸಂಗೀತವನ್ನು ಹಳೆಯ ಕಟ್ಟಿನಲ್ಲಿಯೇ ನುಡಿಸುವ ಪ್ರಾಂತೀಯ ಮೇಳಗಳ ವಿಷಯದಲ್ಲಿ, ಅವುಗಳನ್ನು ಮೆಚ್ಚುವವರೂ ಹಳಿಯುವವರೂ ಒಂದೇ ಭ್ರಮೆಗೆ ಒಳಗಾಗಿರುವುದುಂಟು. ಅದು ಅನಾದಿಯಾದ ಜಾನಪದವೆಂಬುದೇ ಆ ಭ್ರಮೆ. ಪಿಟೀಲು ಬ್ರಿಟಿಷ್ ದ್ವೀಪಗಳಿಂದ ವಲಸೆ ಬಂದವರೊಡನೆಯೂ, ಬ್ಯಾಂಜೋ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ನೆನಪಿನೊಡನೆಯೂ ಆ ನಾಡನ್ನು ಸೇರಿದುವೆಂಬುದು ನಿಜವೇ ಆದರೂ, ಇಂದು ನಾವು ಆ ಹೆಸರಿನಿಂದ ಗುರುತಿಸುವ ಮೇಳದ ರೂಪವು, ಕೆಂಟಕಿಯ ಬಿಲ್ ಮನ್ರೋನ ತಂಡಕ್ಕೆ 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣನು ತನ್ನ ಮೂರು ಬೆರಳುಗಳ ಬ್ಯಾಂಜೋ ವಾದನವನ್ನು ತಂದ ಮೇಲೆ ಸಿದ್ಧಿಸಿದ್ದು. ರೇಡಿಯೋಗಿಂತ ಕಿರಿಯದಾದ ಸಂಪ್ರದಾಯವಿದು.

ಅದು ಸಂಪ್ರದಾಯವಾದ ಬಗೆಯೂ ಸ್ವಾರಸ್ಯವಾದದ್ದೇ. ನೈಋತ್ಯ ವರ್ಜೀನಿಯದ ಕಾರ್ಟರ್ ಮತ್ತು ರಾಲ್ಫ್ ಸ್ಟ್ಯಾನ್ಲಿ ಸೋದರರು 1946ರಲ್ಲಿ ‘ಕ್ಲಿಂಚ್ ಮೌಂಟನ್ ಬಾಯ್ಸ್’ ಎಂಬ ಮೇಳವನ್ನು ಕಟ್ಟಿ, ಬ್ರಿಸ್ಟಲ್ ಪಟ್ಟಣದ ರೇಡಿಯೋ ಕೇಂದ್ರದಿಂದ ಮಧ್ಯಾಹ್ನದ ಹೊತ್ತು ಸುತ್ತಣ ಕಣಿವೆಗಳ ಜನಕ್ಕೆ ಹಾಡುತ್ತಿದ್ದರು. ಮನ್ರೋ ರೇಡಿಯೋದಲ್ಲಿ ಹಾಡುತ್ತಿದ್ದ, ಕುದುರೆಪಂದ್ಯದ ಕಥೆಯುಳ್ಳ ಹಾಡೊಂದನ್ನು, ಅವನ ಧ್ವನಿಮುದ್ರಿಕೆ ಹೊರಬರುವ ಮುನ್ನವೇ, 1948ರಲ್ಲಿ ಅವರು ಅದೇ ಧಾಟಿಯಲ್ಲಿ ಮುದ್ರಿಸಿಬಿಟ್ಟರು. ಮನ್ರೋ ಕೆರಳಿದ, ತನ್ನ ಮುದ್ರಣ ಸಂಸ್ಥೆಯಾದ ಕೊಲಂಬಿಯ ಆ ಸೋದರರನ್ನೂ ಸೇರಿಸಿಕೊಂಡಾಗ ಸಂಸ್ಥೆಯನ್ನೇ ತೊರೆದ. (1951ರಲ್ಲಿ ಅದೇ ಕಾರ್ಟರನು ಮನ್ರೋನ ತಂಡದಲ್ಲಿ ಹಾಡುತ್ತಿದ್ದನೆಂಬುದು ಬೇರೆ ಮಾತು.) ಒಬ್ಬನ ಸ್ವಂತ ಸೊತ್ತಾಗಿದ್ದ ಶೈಲಿಯು ಒಂದು ಪ್ರಾಂತದ ಸೊತ್ತಾಗುವುದಕ್ಕೆ ಆ ಅನುಕರಣವೇ ದಾರಿಮಾಡಿತು, ಅದನ್ನು ಚೌರ್ಯವೆಂದು ಕರೆಯಲು ನಾನು ಒಪ್ಪಲಾರೆ.

ಇಂಥ ಮೇಳದ ಶಿಸ್ತನ್ನು ಹತ್ತಿರದಿಂದ ನೋಡಬೇಕು. ಡೋಲಿಲ್ಲ, ವಿದ್ಯುತ್ ವಾದ್ಯವಿಲ್ಲ. ಆಳೆತ್ತರದ ಬಾಸ್ ವಾದ್ಯದ ಪೆಟ್ಟುಗಳ ನಡುವಣ ತೆರಪಿನಲ್ಲಿ ಮ್ಯಾಂಡೊಲಿನ್ ವಾದಕನು ತಂತಿಗಳನ್ನು ಮೀಟಿ, ಮೀಟಿದೊಡನೆಯೇ ನಾದವನ್ನು ಬೆರಳಿನಿಂದ ಅಡಗಿಸುವ ‘ಚಾಪ್’ ಎಂಬ ಚುರುಕಾದ ಹೊಡೆತವೇ ತಾಳಕ್ಕೆ ಆಧಾರ. ಎಲ್ಲರಿಗೂ ಒಂದೇ ಮೈಕು. ಬ್ಯಾಂಜೋದವನ ಸರದಿ ಬಂದಾಗ ಹಾಡುಗಾರನು ಪಕ್ಕಕ್ಕೆ ಸರಿಯಬೇಕು. ಬಂದವನು ವಾದ್ಯವನ್ನು ಮೈಕಿನತ್ತ ಎತ್ತಿ ಹಿಡಿದು, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ತೊಟ್ಟ ಕೃತಕ ನಖಗಳಿಂದ ಸ್ವರಗಳನ್ನು ಸರಸರನೆ ಉರುಳಿಸಿ, ತನ್ನ ಭಾಗ ಮುಗಿಯುತ್ತಲೇ ಹಿಂದೆಗೆಯಬೇಕು. ಕೆಲವರು ಇದನ್ನು ಗತಕಾಲದ ವೇಷವೆಂದು ನಗುತ್ತಾರೆ. ನಾದದ ಏರಿಳಿತವನ್ನು ಯಂತ್ರದ ಮುಂದೆ ಕುಳಿತ ತಂತ್ರಜ್ಞನಿಗೆ ಒಪ್ಪಿಸಿಬಿಡದೆ ವಾದಕರು ತಮ್ಮ ಹೆಜ್ಜೆಯಲ್ಲಿಯೇ ಉಳಿಸಿಕೊಂಡಿರುವ ವಿವೇಕ ಅದರಲ್ಲಿ ನನಗೆ ಕಾಣುತ್ತದೆ.

ಆದರೆ ನಿಷೇಧಗಳ ಪಟ್ಟಿಯನ್ನೇ ಸಂಪ್ರದಾಯವೆಂದು ಬಗೆದು, ಮನ್ರೋನ 1946ರ ಧ್ವನಿಮುದ್ರಿಕೆಗಳನ್ನು ಯಥಾವತ್ತಾಗಿ ಮರುನುಡಿಸುವ ಮೇಳವೇ ಶ್ರೇಷ್ಠವೆನ್ನುವವರ ವಾದವನ್ನೂ ನಾನು ಒಪ್ಪೆನು. ತನ್ನ ಕಣಿವೆಯ ಕಂಠಗಳಿಗೆ ಕಿವಿಗೊಡದ ಮೇಳವು ಎಷ್ಟು ಶುದ್ಧವಾಗಿ ನುಡಿಸಿದರೇನು? 1966ರಲ್ಲಿ ಕಾರ್ಟರ್ ತೀರಿಕೊಂಡ ಬಳಿಕ ರಾಲ್ಫನಿಗೆ ಮನ್ರೋನ ಮಾದರಿಗೆ ಅಂಟಿಕೊಳ್ಳುವುದು ಸುಲಭವಾಗಿತ್ತು. ಕಾಲದ ಅಭಿರುಚಿಯನ್ನು ಹಿಂಬಾಲಿಸುವುದು ಇನ್ನೂ ಸುಲಭವಾಗಿತ್ತು. ಅವನಾದರೋ ತಾಯಿ ಕಲಿಸಿದ ಹಳೆಯ ಬ್ಯಾಂಜೋ ವಿಧಾನವನ್ನು ಬಿಡದೆ, ವಾದ್ಯಗಳಿಗೆ ಎಡೆಗೊಡದ ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಚರ್ಚುಗಳ ಪ್ರಾರ್ಥನಾಗಾನವನ್ನು ವೇದಿಕೆಗೆ ತಂದ. 2002ರಲ್ಲಿ, ತನ್ನ 75ನೆಯ ವಯಸ್ಸಿನಲ್ಲಿ, ಅವನು ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದದ್ದು ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡಿದ ಮೃತ್ಯುಗೀತೆಯೊಂದಕ್ಕಾಗಿ. ಬ್ಲೂಗ್ರಾಸ್ ಎಂಬ ಹೆಸರನ್ನೂ ಅವನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ತನ್ನದು ಬೆಟ್ಟದ ಹಳೆಯ ಸಂಗೀತವೆಂದೇ ಹೇಳಿಕೊಳ್ಳುತ್ತಿದ್ದ.